ದಾಸೋಹಕ್ಕ "ದಾನಿ" ಅಂತ ಬರೀಬಹುದಾ? ದಾನ, ದತ್ತಿ, ದೇಣಿಗಿ, ಬಿಟ್ಟಿ ಬಗ್ಗೆ ಒಂದಿಷ್ಟು

ಜಮಖಂಡಿ ಕಡೆಯಿಂದ ಒಬ್ಬ ತಮ್ಮ ಕೇಳ್ಯಾರ. ಅವರ ಊರ ಗುಡಿಯೊಳಗ ಶ್ರಾವಣ ಪೂರಾ ಬಂದವರಿಗೆಲ್ಲಾ ಊಟ ಇರ್ತೈತಂತ, ಇವರ ಮನಿಯವರು ತೀರಿಕೊಂಡ ಅಪ್ಪಾರ ಹೆಸರಲೆ ಒಂದಿಷ್ಟು ರೊಕ್ಕ ಬ್ಯಾಂಕಿನ್ಯಾಗ ಇಟ್ಟು, ಅದರ ಬಡ್ಡಿಯೊಳಗ ವರ್ಷಾ ಒಂದು ದಿನದ ಊಟ ನಡೀಲಿ ಅಂತ ಬರಕೊಟ್ಟಾರ. ಈಗ ಗ್ರಾನೈಟ್ ಕಲ್ಲಿನ ಮ್ಯಾಲ "ದಾಸೋಹ ದಾನಿಗಳು" ಅಂತ ಹೆಸರು ಕೆತ್ತಸೂಣು ಅಂತ ಕಮಿಟಿಯವರು, "ಹಂಗ ಬರಸಬ್ಯಾಡ್ರಿ, ದಾಸೋಹಕ್ಕ ದಾನಿ ಅಂತ ಇರೂದಿಲ್ಲ" ಅಂತ ಇವರ ಕಾಕಾ. "ದಾನ, ದಾಸೋಹ, ದತ್ತಿ, ದೇಣಿಗಿ ಎಲ್ಲಾ ಕೊಡೂದ ಅಲ್ಲೇನ್ರಿ ಸರ್, ಇಷ್ಟ್ಯಾಕ ತಕರಾರು? ಮತ್ತ ಹೊರಗಿನ ಬೋರ್ಡಿಗೆ 'ಉಚಿತ ಊಟ' ಅಂತ ಹಾಕಬಹುದಾ?" ಅಂತ ಪ್ರಶ್ನೆ.

ಕಾಕಾ ಹೇಳಿದ್ದು ಸರಿ ಐತಿ ತಮ್ಮಾ. ಆದ್ರ ಅವರು ಕಾರಣ ಹೇಳಿಲ್ಲ ಅನ್ಸತೈತಿ, ಅದನ್ನ ನಾ ಹೇಳ್ತೀನಿ, ಸ್ವಲ್ಪ ಉದ್ದ ಆಗತೈತಿ, ಚಹಾ ಇಟ್ಕೊಂಡು ಓದ್ರಿ.

ಈ ಮಾತುಗಳೆಲ್ಲಾ ಒಂದ ಕೆಲಸಾ ಹೇಳತಾವು, ಖರೆ. ಆದ್ರ ಕೊಡೂಮುಂದ ಕೊಡಾಂವ ಎಲ್ಲಿ ನಿಂತಾನ ಅನ್ನೂದು ಒಂದೊಂದು ಮಾತಿನ್ಯಾಗ ಒಂದೊಂದು ಥರಾ ಐತಿ. ದಾನ ಅಂದ್ರ ಕೊಡಾಂವನ ಕೈ ಮ್ಯಾಲ, ಇಸ್ಕೊಳ್ಳಾಂವನ ಕೈ ಕೆಳಗ. ದಾಸೋಹದಾಗ ಅದು ಉಲ್ಟಾ. ದತ್ತಿಯೊಳಗ ಕೊಡಾಂವ ಕೊಟ್ಟು ಎದ್ದು ಹೋಗಿಬಿಡ್ತಾನ. ದೇಣಿಗಿಯೊಳಗ ಹತ್ತು ಮಂದಿ ಜೋಡಿ ಸಾಲಿನ್ಯಾಗ ನಿಂತಿರ್ತಾನ. ಕಲ್ಲಿನ ಮ್ಯಾಲ ಯಾವ ಶಬ್ದ ಬರೀಬೇಕು ಅನ್ನೂದು ಇದರ ಮ್ಯಾಲ ನಿಂತೈತಿ.

ಮೊದಲ ದಾಸೋಹ ತಗೊಳ್ಳೂಣು. ನಾವು ಈ ಶಬ್ದ ದಿನಾ ಬಳಸಿ ಬಳಸಿ ಅದರ ಒಳಗ ಏನೈತಿ ಅಂತ ನೋಡೂದ ಬಿಟ್ಟೀವಿ. ಸಂಸ್ಕೃತದ "ದಾಸಃ" ಮತ್ತ "ಅಹಂ" ಕೂಡಿ "ದಾಸೋಹಂ" ಆಗೈತಿ, ಅಂದ್ರ "ನಾನು ದಾಸ". ಇದು ಮೂಲದಾಗ ಒಂದು ವಸ್ತುವಿನ ಹೆಸರಲ್ಲ, ಒಂದು ಪೂರ್ತಿ ವಾಕ್ಯ. ಅದಕ್ಕಿಂತ ಮೊದಲ "ಸೋಹಂ" ಅನ್ನೂದು ಇತ್ತು, "ಅವನೇ ನಾನು" ಅಂತ, ವೇದಾಂತಿಗಳ ಮಾತು ಅದು. 12ನೇ ಶತಮಾನದ ಶರಣರು ಆ ಸೋಹಂ ಬದಲಿ ದಾಸೋಹಂ ಹಿಡಿದ್ರು, ನಾನ ಅವನು ಅನ್ನೂದರಾಗ ಅಹಂಕಾರ ನುಗ್ಗೂದು ಬಾಳ ಸರಳ ಐತಿ, ನಾನು ದಾಸ ಅಂದ್ರ ನುಗ್ಗಾಕ ಜಾಗಾ ಇಲ್ಲ ಅಂತ. ಬಸವಣ್ಣನವರು ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲಾ ಬಸವನ ಬಾಗೇವಾಡಿ ಕಡೆ, ಐಕ್ಯ ಆಗಿದ್ದು ಬಾಗಲಕೋಟಿ ಜಿಲ್ಲಾ ಕೃಷ್ಣಾ ಮಲಪ್ರಭಾ ಕೂಡೂ ಕೂಡಲಸಂಗಮದಾಗ, ಹಿಂಗಾಗಿ ಈ ಶಬ್ದಾನ ನಮ್ಮ ಕಡೆ ಮಂದಿ ಮನಿಮಾತಿನ ಹಂಗ ಬಳಸಿದ್ರ ಅದರಾಗ ಆಶ್ಚರ್ಯ ಏನಿಲ್ಲ.

ಈಗ ವ್ಯಾಕರಣ ನೋಡ್ರಿ, ಇದು ನನಗ ಬಾಳ ಸೇರೂ ಭಾಗ. "ದಾನ ಕೊಟ್ಟೆ" ಅಂತೀವಿ, "ದೇಣಿಗಿ ಕೊಟ್ಟೆ" ಅಂತೀವಿ. "ದಾಸೋಹ ಕೊಟ್ಟೆ" ಅಂತ ಯಾರರ ಅಂದದ್ದು ಕೇಳೀರೇನು? ನಮ್ಮ ಹಳ್ಳಿ ಮುದುಕಿ, ಸಾಲಿ ಮುಖ ನೋಡದಾಕಿ, ಆಕಿನೂ ಹಂಗ ಅನ್ನೂದಿಲ್ಲ. ದಾಸೋಹ ಮಾಡತಾರ, ದಾಸೋಹ ನಡಸತಾರ. ಮಾಡಾಂವ ದಾಸೋಹಿ. "ನಾನು ದಾಸ" ಅನ್ನೂ ವಾಕ್ಯಾನ ಎತ್ತಿ ಇನ್ನೊಬ್ಬರ ಕೈಯಾಗ ಕೊಡಾಕ ಬರೂದಿಲ್ಲಲ್ಲ, ಹಂಗಾಗಿ ಕೊಡು ಅನ್ನೂ ಕ್ರಿಯಾಪದ ಅದರ ಜೋಡಿ ಕೂಡೂದಿಲ್ಲ. "ದಾಸೋಹ ದಾನಿ" ಅಂದ್ರ "ನಾನು ನಿಮ್ಮ ಆಳು" ಮತ್ತ "ನಾನು ನಿಮಗ ಕೊಡೂ ಧಣಿ" ಎರಡೂ ಒಂದ ಉಸಿರಿನ್ಯಾಗ ಅಂದಂಗ. ಕಾಕಾರ ಕಿವಿಗೆ ಚುಚ್ಚಿದ್ದು ಇದು.

ಇನ್ನೊಂದು ಶರತ್ತೂ ಐತಿ ದಾಸೋಹಕ್ಕ, ಅದನ್ನ ಈಗಿನ ದೊಡ್ಡ ದೊಡ್ಡ ಫ್ಲೆಕ್ಸ್ ಹಚ್ಚವರು ಪೂರಾ ಮರತಾರ. ಕಾಯಕದಿಂದ ಬಂದದ್ದಷ್ಟ ದಾಸೋಹಕ್ಕ ನಡೀತೈತಿ, ಮೈ ಮುರದು ದುಡದದ್ದು. ಆಯ್ದಕ್ಕಿ ಮಾರಯ್ಯ ಮತ್ತ ಲಕ್ಕಮ್ಮನ ಕಥಿ ಸಾಲ್ಯಾಗ ಓದಿರ್ತೀರಿ. ಕಲ್ಯಾಣದಾಗ ಬಸವಣ್ಣನವರ ಮಹಾಮನಿ ಅಂಗಳದಾಗ ಬಿದ್ದ ಅಕ್ಕಿ ಆಯ್ದು ತಂದು ಅದರಾಗ ದಾಸೋಹ ಮಾಡೂ ಜೋಡಿ ಅದು. ಒಂದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಖುಷಿ ಪಡಲಿಲ್ಲ, "ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ" ಅಂದು ತಿರುಗಿ ಕಳಸಿದ್ಳು. ಅಂದ್ರ ಉಣಸಾಕ ಅಂತ ತಂದ ಅಕ್ಕಿನ ಆದ್ರೂ ಲೆಕ್ಕಕ್ಕಿಂತ ಜಾಸ್ತಿ ಆದ್ರ ಅದು ಆಸೆ, ಅದು ದಾಸೋಹ ಅಲ್ಲ. ದಾನದಾಗ ಈ ಪ್ರಶ್ನೆ ಅಷ್ಟು ಖಡಕ್ ಆಗಿ ಬರೂದಿಲ್ಲ, ಎಷ್ಟು ಕೊಟ್ಟಿ ಅನ್ನೂದು ಮೊದಲ, ಎಲ್ಲಿಂದ ತಂದಿ ಅನ್ನೂದು ಆಮ್ಯಾಲ. ತನು ಗುರುವಿಗೆ, ಮನ ಲಿಂಗಕ್ಕ, ಧನ ಜಂಗಮಕ್ಕ ಅಂತ ತ್ರಿವಿಧ ದಾಸೋಹ ಶರಣರದ್ದು, ರೊಕ್ಕ ಅದರಾಗ ಮೂರನೇ ಪಾಲಷ್ಟ. ಶುರುವಿನ್ಯಾಗ ಅದು ಜಂಗಮಕ್ಕ ಮಾಡೂದಿತ್ತು, ಬರ್ತಾ ಬರ್ತಾ ಪಂಕ್ತಿಯೊಳಗ ಕುಂತ ಎಲ್ಲಾರಿಗೂ ಅಂತ ಆತು, ಆ ಬದಲಾವಣಿ ಚಲೋನ ಆತು ಅಂತ ನನ್ನ ಅಭಿಪ್ರಾಯ.

ಜಾತ್ರಿ ಮುಂದ ನಮ್ಮ ಕಡೆ ಹಳ್ಳಿಗಳಾಗ ಮನಿಮನಿಗೆ ಹೆಣಮಕ್ಕಳು ಕೂಡಿ ಖಡಕ್ ರೊಟ್ಟಿ ಬಡದು ಬುಟ್ಟಿಯೊಳಗ ಹಾಕಿ ಮಠಕ್ಕ ಕಳಸತಾರ, ನೋಡೀರಿ. ಅಲ್ಲಿ ಎಲ್ಲಾ ಒಟ್ಟಿಬಿಟ್ಟ ಮ್ಯಾಲ ಯಾರ ಮನಿ ರೊಟ್ಟಿ ಯಾವುದು ಅಂತ ಬ್ರಹ್ಮ ಬಂದ್ರೂ ಹುಡುಕಾಕ ಆಗೂದಿಲ್ಲ. ದಾಸೋಹ ಅಂದ್ರ ಅದು. ಗ್ರಾನೈಟ್ ಕಲ್ಲು ಬ್ಯಾಡ ಅಂತ ನಾ ಹೇಳೂದಿಲ್ಲ, ಅಪ್ಪಾರ ನೆನಪು ಉಳೀಲಿ ಅನ್ನೂ ಆಸೆ ಮಕ್ಕಳಿಗೆ ಇರೂದ ಸಹಜ, ಆದ್ರ ಶಬ್ದ ಹೊಂದಬೇಕಲ್ಲ.

ಶಬ್ದ ಎಲ್ಲೆಲ್ಲಿಗೆ ಹೋಗೈತಿ ನೋಡ್ರಿ. ಸಿದ್ಧಗಂಗಾ ಶ್ರೀಗಳಿಂದ ಅನ್ನ, ಅಕ್ಷರ, ಆಶ್ರಯ ಅಂತ ಹೊಸ ತ್ರಿವಿಧ ದಾಸೋಹ ಬಂತು, ಅವರು ಲಿಂಗೈಕ್ಯ ಆದ ಜನವರಿ 21 ಈಗ ಸರಕಾರದ ದಾಸೋಹ ದಿನ. 2002-03ರಾಗ ಶುರು ಆದ ಸಾಲಿ ಬಿಸಿಯೂಟಕ್ಕ "ಅಕ್ಷರ ದಾಸೋಹ" ಅಂತ ಹೆಸರಿಟ್ರು, ಊಟಕ್ಕ ಅಕ್ಷರ ಯಾಕ ಅಂತ ಹುಡುಗರು ನನ್ನ ಕೇಳತಿದ್ರು, ಸಾಲಿಗೆ ಬರಲಿ ಅಂತ ಊಟ, ಹಿಂಗಾಗಿ ಆ ಹೆಸರು. ಇನ್ನ ಇಳಕಲ್ಲಿನ ಮಠದ ಸ್ವಾಮಿಗಳು ಮಹಾಂತ ಅಪ್ಪಾರದಂತೂ ಕೊಡೂದರ ಅರ್ಥಾನ ತಿರುವಿ ಹಾಕಿತು. ಜೋಳಿಗಿ ಹಿಡದು ಊರೂರು ತಿರಗಿ ಅವರು ಬೇಡಿದ್ದು ಜೋಳ ಅಲ್ಲ, ರೊಕ್ಕ ಅಲ್ಲ, ಮಂದಿ ಚಟ. ಸೆರೆ, ಬೀಡಿ, ಗುಟ್ಕಾ ಬಿಡ್ತೀನಿ ಅಂತ ಆಣಿ ಮಾಡಿ ಆ ಚಟಾನ ಜೋಳಿಗ್ಯಾಗ ಹಾಕ್ರಿ ಅಂತ. ಮಹಾಂತ ಜೋಳಿಗೆ ಅಂತನ ಅದಕ್ಕ ಹೆಸರು, ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ವ್ಯಸನಮುಕ್ತ ದಿನ. ಇಲ್ಲಿ ಕೊಡಾಂವಗ ಲಾಭ, ಇಸ್ಕೊಂಡವರ ಜೋಳಿಗಿ ಖಾಲಿ. ಇದನ್ನ ದಾನ ಅಂತ ಕರೀಲಿಕ್ಕೆ ಬರ್ತೈತೇನು? ಭಿಕ್ಷೆ ಅಂತ ಅವರು ಕರೆದದ್ದ ಸರಿ.

ಇನ್ನ ದಾನ. "ದಾ" ಅಂದ್ರ ಕೊಡು, ಆ ಧಾತುವಿನಿಂದ ದಾನ, ದಾತ, ದತ್ತ, ದತ್ತಿ, ದತ್ತು, ಪ್ರದಾನ ಎಲ್ಲಾ ಹುಟ್ಟ್ಯಾವು. ಹಳೇ ಧರ್ಮಶಾಸ್ತ್ರದವರು ದಾನಕ್ಕ ಬಾಳ ಬಿಗಿ ವ್ಯಾಖ್ಯೆ ಕೊಟ್ಟಾರ: ತನ್ನ ಒಡೆತನ ಹೋಗಬೇಕು, ಇನ್ನೊಬ್ಬನ ಒಡೆತನ ಹುಟ್ಟಬೇಕು, ಎರಡೂ ಆದ್ರ ಅದು ದಾನ. ಕೊಟ್ಟ ಮ್ಯಾಲೂ "ನಂದದು, ನಾ ಹೇಳಿದಂಗ ಬಳಸ್ರಿ" ಅಂತ ಬೆನ್ನು ಹತ್ತಿದ್ರ ಅದು ದಾನ ಆಗಿಲ್ಲ ಅಂತನ ಅರ್ಥ. ಮಜಾ ಅಂದ್ರ 1882ರ ಆಸ್ತಿ ವರ್ಗಾವಣೆ ಕಾಯ್ದೆ 122ನೇ ಕಲಮೂ ಹೆಚ್ಚುಕಡಿಮಿ ಇದನ್ನ ಹೇಳತೈತಿ, ಸ್ವಂತ ಮನಸ್ಸಿಲೆ, ಬದಲಿಗೆ ಏನೂ ತಗೊಳ್ಳದ ಕೊಡಬೇಕು, ಮತ್ತ ಕೊಡಾಂವ ಜೀವಂತ ಇರೂವಾಗಲೇ ಇಸ್ಕೊಳ್ಳಾಂವ ಒಪ್ಪಿರಬೇಕು ಅಂತ. ಹೊಲಾ ಮನಿ ಕೊಡೂದಾದ್ರ ನೋಂದಣಿ ಆಗಬೇಕು, ಕಮ್ಮಿ ಅಂದ್ರ ಇಬ್ಬರು ಸಾಕ್ಷಿ. ಬೆಂಗಳೂರ ಕಡೆ ಇದನ್ನ ದಾನಪತ್ರ ಅಂತಾರ, ನಮ್ಮ ಬೆಳಗಾವಿ ಕಡೆ ಮುದುಕರು ಇನ್ನೂ "ಬಕ್ಷೀಸ ಪತ್ರ" ಅಂತನ ಅನ್ನೂದು, ಮುಂಬಯಿ ಇಲಾಖೆ ಕಾಲದ ಮಾತು ಅದು. ಹೊಟೇಲ್ ವೇಟರ್‌ಗೆ ಕೊಡೂ ಹತ್ತು ರೂಪಾಯಿನೂ ಬಕ್ಷೀಸ, ಮಗಳಿಗೆ ಬರಕೊಡೂ ನಾಲ್ಕು ಎಕರೆನೂ ಬಕ್ಷೀಸ, ಪಾರ್ಸಿಯಿಂದ ಬಂದ ಒಂದ ಶಬ್ದ.

ದಾನಕ್ಕ "ಪಾತ್ರ" ಅಂತ ಒಂದು ಚಿಂತಿ ಐತಿ, ಇಸ್ಕೊಳ್ಳಾಂವ ಯೋಗ್ಯ ಇರಬೇಕು, ಇಲ್ಲಾಂದ್ರ ಅಪಾತ್ರ ದಾನ. ಹಿಂಗಾಗಿ ದಾನದ ಒಳಗ ತೂಗಿ ನೋಡೂ ಒಂದು ಕಣ್ಣು ಯಾವಾಗಲೂ ತೆರದಿರ್ತೈತಿ. ಜೈನರು ಇದನ್ನ ಚಂದ ವಿಂಗಡಿಸ್ಯಾರ: ಆಹಾರ, ಔಷಧ, ಶಾಸ್ತ್ರ, ಅಭಯ ಅಂತ ನಾಲ್ಕು ದಾನ. ಶಾಸ್ತ್ರದಾನ ಅಂದ್ರ ಪುಸ್ತಕ ಕೊಡೂದು. ಲಕ್ಕುಂಡಿಯ ಅತ್ತಿಮಬ್ಬೆ ಸಾವಿರ ವರ್ಷದ ಹಿಂದ ಪೊನ್ನನ ಶಾಂತಿಪುರಾಣದ 1000 ಪ್ರತಿ ಕೈಲೆ ಬರೆಸಿ ಹಂಚಿದ್ಳು, ಅದಕ್ಕ ದಾನಚಿಂತಾಮಣಿ ಅಂತ ಬಿರುದು. ನಾಲ್ಕನೇದು ಅಭಯದಾನ, ಹೆದರಿದವರಿಗೆ ಹೆದರಬ್ಯಾಡ ಅನ್ನೂದು, ಅದಕ್ಕ ಒಂದು ಪೈಸಾ ಖರ್ಚಿಲ್ಲ ಆದ್ರೂ ಅದನ್ನ ದಾನದ ಸಾಲಿನ್ಯಾಗ ಕೂಡಿಸ್ಯಾರಲ್ಲ, ಅದು ದೊಡ್ಡ ಮಾತು. ರಕ್ತದಾನ, ನೇತ್ರದಾನ, ದೇಹದಾನ ಇವೆಲ್ಲಾ ಈ ಕಾಲದವು, ಇಲ್ಲಿ ಕೊಟ್ಟಾಂವಗ ಇಸ್ಕೊಂಡಾಂವ ಯಾರು ಅಂತ ಬಾಳ ಸಲ ಗೊತ್ತ ಇರೂದಿಲ್ಲ. ಮತದಾನದ ಬಗ್ಗೆ ಮಾತಾಡೂದು ಬ್ಯಾಡ ಬಿಡ್ರಿ, ಅದು ಹಕ್ಕು, ದಾನ ಅನ್ನೂದು ಅಲ್ಲಿ ಹೆಸರಿಗಷ್ಟ.

ನಿಮ್ಮ ಮನಿಯವರು ಮಾಡಿದ್ದು ಖರೆ ಅಂದ್ರ ದತ್ತಿ. ಮೂಲ ರೊಕ್ಕ ಮುಟ್ಟಬಾರದು, ಬಡ್ಡಿಯಿಂದ ಕೆಲಸಾ ನಡೀಬೇಕು, ಇದಕ್ಕ ದತ್ತಿ ಅಂತ ಕರೀತಾರ. ದತ್ತಿ ಉಪನ್ಯಾಸ, ದತ್ತಿ ಬಹುಮಾನ, ಧಾರ್ಮಿಕ ದತ್ತಿ ಇಲಾಖೆ ಅಂತ ಕೇಳಿರ್ತೀರಲ್ಲ. ಮುಸಲ್ಮಾನರ ವಕ್ಫ್‌ನೂ ಇದರ ಸನೇದ ಕಲ್ಪನಾ, ಆಸ್ತಿ ಹಂಗ ಉಳೀಬೇಕು, ಉತ್ಪನ್ನ ಮಾತ್ರ ಧರ್ಮಕಾರ್ಯಕ್ಕ. ಐಹೊಳಿ, ಬಾದಾಮಿ, ಸವದತ್ತಿ ಕಡೆ ಶಾಸನಗಳಾಗ ಈ ಶಬ್ದ ತುಂಬಿ ತುಳಕತೈತಿ: ಗುಡಿ ನಂದಾದೀವಿಗಿಗೆ, ಮಠದ ಊಟಕ್ಕ, ಓದೂ ಹುಡುಗರಿಗೆ ಅಂತ ಇಷ್ಟು ಮತ್ತರು (ಆಗಿನ ಭೂಮಿ ಅಳತಿ) ಭೂಮಿ "ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ" ಬಿಟ್ಟರು ಅಂತ, ಅಂದ್ರ ಆಚಾರ್ಯರ ಕಾಲು ತೊಳದು, ನೀರು ಧಾರೆ ಎರದು. ನೀರು ಒಮ್ಮೆ ಕೈ ಬಿಟ್ಟು ಬಿದ್ದ ಮ್ಯಾಲ ತಿರುಗಿ ಬರೂದಿಲ್ಲ, ಅದ ಸಾಕ್ಷಿ. ಅರಸರಷ್ಟ ಅಲ್ಲ, ಐಹೊಳಿ ಐನೂರ್ವರಂತ ವ್ಯಾಪಾರಿ ಸಂಘದವರೂ ತಮ್ಮ ಮಾಲಿನ ಮ್ಯಾಲ ಇಂತಿಷ್ಟು ಅಂತ ಬಿಡತಿದ್ರು. ಬೆಳಗಾವಿ ಕ್ವಾಟಿ ಒಳಗಿನ ಕಮಲ ಬಸದಿ ಐತೆಲ್ಲ, ರಟ್ಟ ಅರಸರ ಕಾಲದ್ದು, ಅದಕ್ಕ ಸಂಬಂಧಪಟ್ಟ 1204ರ ಶಾಸನಗಳೂ ಇಂಥ ದತ್ತಿವ, ಅವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ್ಯಾಗ ಅದಾವು, ದತ್ತಿ ಬಿಟ್ಟವರು ಕಲ್ಲನೂ ಊರು ಬಿಡತೈತಿ ಅಂತ ಅನ್ಕೊಂಡಿರಲಿಕ್ಕಿಲ್ಲ. ಕೊನೀಗೆ ಶಾಪ ಬ್ಯಾರೆ ಕೆತ್ತಸತಿದ್ರು: ತಾ ಕೊಟ್ಟದ್ದಿರಲಿ, ಇನ್ನೊಬ್ಬರು ಕೊಟ್ಟದ್ದಿರಲಿ, ಭೂಮಿ ಕಸಕೊಂಡಾಂವ 60 ಸಾವಿರ ವರ್ಷ ಹೇಲಿನ್ಯಾಗ ಹುಳಾ ಆಗಿ ಹುಟ್ಟತಾನ ಅಂತ. ನಿಮ್ಮ ಕಮಿಟಿಯವರಿಗೆ ಇದನ್ನೂ ಕೆತ್ತಸ್ರಿ ಅಂತ ಹೇಳಿ ನೋಡ್ರಿ, ಮಾರಿ ಹೆಂಗ ಆಗತೈತಿ!

ಇಲ್ಲಿ ಕ್ರಿಯಾಪದ "ಬಿಡು". ದತ್ತಿ ಬಿಟ್ಟರು. ದೇವರಿಗೆ ಹೋರಿ ಬಿಟ್ಟರು. ಕೊಡೂದಕ್ಕಿಂತ ಬಿಡೂದು ಒಂದು ಹೆಜ್ಜಿ ಮುಂದ ಅಂತ ಅನಸತೈತಿ, ಆದ್ರ ನಮ್ಮ ಭಾಗದಾಗ ಈ "ದೇವರಿಗೆ ಬಿಡೂದು" ಅನ್ನೂ ಮಾತಿಗೆ ಒಂದು ಕರೀ ನೆರಳೂ ಐತಿ, ಅದನ್ನ ಬಿಟ್ಟು ಹೇಳಿದ್ರ ಅರ್ಧಾ ಹೇಳಿದಂಗ. ಎಲ್ಲಮ್ಮನ ಹೆಸರಲೆ ಸಣ್ಣ ಹುಡಿಗ್ಯಾರನ್ನ ಮುತ್ತು ಕಟ್ಟಿ ಬಿಡತಿದ್ರಲ್ಲ, ಅದೂ "ಬಿಡೂದ". 1982ರಾಗ ದೇವದಾಸಿ ನಿಷೇಧ ಕಾಯ್ದೆ ಬಂತು. ಬಿಡವರಿಗೆ ಪುಣ್ಯ ಅಂತ, ಬಿಡಿಸಿಕೊಂಡಾಕಿಗೆ ಕೇಳಿದವರು ಯಾರೂ ಇಲ್ಲ. ಮನಸಾರೆ ಕೊಟ್ಟೆ ಅನ್ನೂವಾಗ ಕೊಡಾಂವನ ಮನಸ್ಸಷ್ಟ ಲೆಕ್ಕ ಹಿಡದ್ರ ಹಿಂಗ ಆಗತೈತಿ. ಕನ್ಯಾದಾನ ಅನ್ನೂ ಶಬ್ದಕ್ಕ ಈಗಿನ ಹುಡಿಗ್ಯಾರು ತಕರಾರು ತೆಗಿಯೂದೂ ಇದ ಕಾರಣಕ್ಕ, ತೆಗೀಲಿ ಬಿಡ್ರಿ, ಮನಷ್ಯಾರನ್ನ ದಾನ ಮಾಡಾಕ ಬರೂದಿಲ್ಲ.

ದತ್ತು ಮತ್ತ ದತ್ತಿ ಎರಡೂ ಕೂಡಿದ ಒಂದು ಜೀವನ ನಮ್ಮ ಬೆಳಗಾವಿ ಜಿಲ್ಲಾದಾಗ ಐತಿ. ಸಿರಸಂಗಿ ಲಿಂಗರಾಜ ದೇಸಾಯರು, 1861ರಾಗ ಹುಟ್ಟಿ, ಸಿರಸಂಗಿ ಸಂಸ್ಥಾನಕ್ಕ ದತ್ತುಮಗ ಆಗಿ ಬಂದವರು. 1906ರಾಗ ತೀರಿಕೊಳ್ಳೂದಕ್ಕ ಮೊದಲ ಮೃತ್ಯುಪತ್ರ ಬರೆದು ಸಂಸ್ಥಾನದ ಆಸ್ತಿ ಹುಡುಗರ ಓದಿಗೆ ಅಂತ ಬಿಟ್ಟರು. ದತ್ತು ಅಂದ್ರ ಕೊಡಲ್ಪಟ್ಟಾಂವ, ದತ್ತಿ ಅಂದ್ರ ಕೊಡಲ್ಪಟ್ಟದ್ದು, ಅವರು ಮೊದಲನೇದಾಗಿ ಬಂದು ಎರಡನೇದನ್ನ ಬಿಟ್ಟು ಹೋದ್ರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದ ಹೆಸರು. ಮಂದಿ ಅವರಿಗೆ ತ್ಯಾಗವೀರ ಅಂದ್ರು. ಈಗ ತ್ಯಾಗ ಅಂದ್ರ ನಾವು ಸಂಕಟಪಟ್ಟು ಬಿಟ್ಟುಕೊಡೂದು ಅಂತ ತಿಳ್ಕೋತೀವಿ. ಹಳಗನ್ನಡದಾಗ ಹಂಗಿಲ್ಲ. ತ್ಯಾಗದ ತದ್ಭವ "ಚಾಗ", ಅದರ ಅರ್ಥ ಕೈಬಿಚ್ಚಿ ಕೊಡೂದು, ಚಾಗಿ ಅಂದ್ರ ಉದಾರಿ. ಪಂಪ ಬನವಾಸಿ ಮಂದಿ ಬಗ್ಗೆ ಹೇಳೂವಾಗ "ಚಾಗದ ಭೋಗದಕ್ಕರದ ಗೇಯದ" ಅಂತ ಶುರು ಮಾಡ್ತಾನ, ಕೊಡೂದು ಮೊದಲ, ಉಣ್ಣೂ ಉಡೂ ಭೋಗ ಆಮ್ಯಾಲ, ಓದು ಹಾಡು ಅದರ ಹಿಂದ. ಅಲ್ಲಿ ಚಾಗಕ್ಕ ಸಂಕಟದ ಮಾರಿ ಇಲ್ಲ, ಅದು ಬದುಕಿನ ಸುಖದ ಒಂದು ಭಾಗ. ಈ ಶಬ್ದ ನಾವು ಕಳಕೊಂಡದ್ದು ಖರೇನ ಲುಕ್ಸಾನ.

ದೇಣಿಗಿ ಬಗ್ಗೆ ಬಾಳ ಹೇಳೂದಿಲ್ಲ. ಮರಾಠಿ "ದೇಣಗಿ"ಯ ತಂಗಿ ಅದು, ಒಂದು ಕೆಲಸಕ್ಕ ಹತ್ತು ಮಂದಿ ಕೂಡಿ ಕೊಡೂದು. ನಿಮ್ಮ ರಸೀದಿ ಪುಸ್ತಕಕ್ಕ ಇದ ಸರಿಯಾದ ಶಬ್ದ. ಗಣಪತಿ ಹಬ್ಬಕ್ಕ ಮನಿಮನಿಗೆ ಬರೂದು "ಪಟ್ಟಿ", ಬೆಳಗಾವಿ ಪ್ಯಾಟ್ಯಾಗ "ವರ್ಗಣಿ", ಅದರಾಗ ಸ್ವಲ್ಪ ಒತ್ತಾಯ ಇರ್ತೈತಿ ಅಂತ ಕೊಡವರಿಗೂ ಗೊತ್ತು, ಬೇಡವರಿಗೂ ಗೊತ್ತು. ಮತ್ತ ಕಣದಾಗ ರಾಶಿ ಆದ ಮ್ಯಾಲ ಬಡಿಗ್ಯಾರಿಗೆ ಕಂಬಾರರಿಗೆ ಕೊಡತಿದ್ದ "ಆಯ" ಅದನ್ನ ಯಾವ ರೈತನೂ ದಾನ ಅಂದಿಲ್ಲ, ಅದು ವರ್ಷದ ದುಡಿಮಿ ಬಾಕಿ.

ಒಂದು ಮಾತು ನಡುವ ಬಿಟ್ಟಿದ್ದೆ, "ನೀಡು". ಪೇಪರಿನ್ಯಾಗ "ಐದು ಲಕ್ಷ ರೂಪಾಯಿ ನೀಡಿದರು" ಅಂತ ಬರೀತಾರ, ನಮ್ಮ ಮನ್ಯಾಗ ನೀಡೂದು ಅಂದ್ರ ಗಂಗಾಳಕ್ಕ ಅನ್ನ ಸಾರು ಹಾಕೂದು. ತೆಂಕಣದವರು ಬಡಿಸತಾರ, ನಾವು ನೀಡತೀವಿ. ಮೂಲದಾಗ ನೀಡು ಅಂದ್ರ ಚಾಚು, ಕೈ ಮುಂದ ಮಾಡು. ಉಣ್ಣಾಕ ಕುಂತವನ ಮುಂದ ಬಗ್ಗಿ ಕೈ ಚಾಚಬೇಕಲ್ಲ, ಆ ಬಗ್ಗೂದು ಶಬ್ದದಾಗನ ಐತಿ. ಊಟದ ದಿನ ನಿಮ್ಮ ಮನಿಯವರು ಕಲ್ಲಿನ ಹತ್ರ ಫೋಟೋಕ್ಕ ನಿಂದ್ರೂದರ ಬದಲಿ ಸೌಟು ಹಿಡದು ಒಂದು ಪಂಕ್ತಿ ನೀಡಿದ್ರ ಕಾಕಾರಿಗೂ ಸಮಾಧಾನ ಆಗತೈತಿ ಅನ್ಸತೈತಿ ನನಗ.

ಕಲ್ಲಿಗೆ ನಾ ಸೂಚಸೂದು: "ಲಿಂಗೈಕ್ಯ" ಇಲ್ಲಾ "ದಿವಂಗತ", ನಿಮ್ಮ ಮನಿ ಪದ್ಧತಿ ನೋಡಿ, ಆಮ್ಯಾಲ ಅಪ್ಪಾರ ಹೆಸರು, "ಇವರ ಸ್ಮರಣಾರ್ಥ ದಾಸೋಹ ದತ್ತಿ", ಕೆಳಗ ವರ್ಷ. ದಾನಿ ಅನ್ನೂ ಶಬ್ದ ಎಲ್ಲೂ ಬ್ಯಾಡ. ಕಮಿಟಿಯವರು ಬ್ಯಾರೆ ಬೋರ್ಡಿನ್ಯಾಗ ದೊಡ್ಡವರನ್ನ ಹೊಗಳೂದಿದ್ರ "ಕೊಡುಗೈ ದಾನಿ" ಅಂತ ಬರೀಲಿ, "ಕೊಡುಗೆ ದಾನಿ" ಅಲ್ಲ, ಕೊಡೂ ಕೈ ಅದು. ಸತ್ಕಾರ ಸಮಾರಂಭ ಇದ್ರ "ಪ್ರಶಸ್ತಿ ಪ್ರದಾನ", ಅಲ್ಪಪ್ರಾಣ ದ, ಮಹಾಪ್ರಾಣ ಹಾಕಿದ್ರ ಅದು ಪ್ರಧಾನಮಂತ್ರಿ ಪ್ರಧಾನ ಆಗತೈತಿ. ಕಲ್ಲು ಕೆತ್ತವಗ ಬರದು ಕೊಡೂವಾಗ ದೊಡ್ಡ ಅಕ್ಷರದಾಗ ಬರಕೊಡ್ರಿ, ಆಮ್ಯಾಲ ತಿದ್ದಾಕ ಬರೂದಿಲ್ಲ.

ಉಳಿದದ್ದು "ಉಚಿತ ಊಟ". ಹಾಕಬ್ಯಾಡ್ರಿ. ತಪ್ಪು ಅಂತ ಅಲ್ಲ, ಉಚಿತ ಅಂದ್ರ ಸಂಸ್ಕೃತದಾಗ ಯೋಗ್ಯ, ತಕ್ಕದ್ದು ಅಂತ, ಸಮಯೋಚಿತ ಅಂತೀವಲ್ಲ ಆ ಉಚಿತ. ಕನ್ನಡದಾಗ ಅದು ರೊಕ್ಕ ಇಲ್ಲದ ಸಿಗೂದು ಅಂತ ಆಗೈತಿ, ಮರಾಠಿಯೊಳಗ ಇನ್ನೂ ಯೋಗ್ಯ ಅಂತನ ಐತಿ, ಅವರು ಫುಕಟ ಇಲ್ಲಾ ಮೋಫತ್ ಅಂತಾರ, ಹಿಂಗಾಗಿ ಗಡಿ ಕಡೆ ಮಂದಿ "ಉಚಿತ ಊಟ" ಓದಿ ಯೋಗ್ಯ ಊಟ ಅಂತ ತಿಳ್ಕೊಂಡ್ರ ಅವರ ತಪ್ಪಿಲ್ಲ. ಆದ್ರ ನನ್ನ ಕಾರಣ ಬ್ಯಾರೆ, ಉಚಿತ ಅಂದ ಕೂಡ್ಲೆ ಇದರ ರೇಟು ಎಷ್ಟಿತ್ತು ಅನ್ನೂ ಲೆಕ್ಕ ತಲ್ಯಾಗ ಬರತೈತಿ. ಅಂಗಡಿ ಮಾತು ಅದು, ಒಂದು ಕೊಂಡ್ರ ಒಂದು ಉಚಿತ. ಮಠದ ಬಾಗಿಲಿಗೆ "ಪ್ರಸಾದ ಐತಿ, ಬರ್ರಿ" ಅಂದ್ರ ಸಾಕು, ಬೆಳಗಾವಿ ಗಣಪತಿ ಮಂಟಪದಾಗ "ಮಹಾಪ್ರಸಾದ" ಅಂತ ಹಾಕೂದೂ ಚಲೋನ ಐತಿ.

ಯಾರರ ಬಂದು "ಬಿಟ್ಟಿ ಊಟ" ಅಂದ್ರ ಸಿಟ್ಟು ಮಾಡ್ಕೋಬ್ಯಾಡ್ರಿ, ಆ ಶಬ್ದದ ಹುಟ್ಟು ಹೇಳ್ರಿ ಅವರಿಗೆ. ಬಿಟ್ಟಿ ಅಂದ್ರ ಸಂಸ್ಕೃತ "ವಿಷ್ಟಿ"ಯ ತದ್ಭವ. ಕೂಲಿ ಕೊಡದ ಒತ್ತಾಯದಿಂದ ಮಾಡಿಸಿಕೊಳ್ಳೂ ದುಡಿಮಿ ಅದು, ಬಿಟ್ಟಿ ಚಾಕರಿ ಅಂತೀವಲ್ಲ ಅದ. ಹಿಂದಕ ಅರಸ, ಗೌಡ, ಇನಾಮದಾರ ಬಡವರ ಕಡೆಯಿಂದ ಕಸಕೊಂಡದ್ದಕ್ಕ ಇದ್ದ ಹೆಸರು, ಈಗ ಬಡವರಿಗೆ ಏನರ ಸಿಕ್ಕರ ಅದನ್ನ ಬಿಟ್ಟಿ ಅಂತ ಕರಿಯೂದು.